ಸಸೂನ್ ಆಸ್ಪತ್ರೆಯ ಒಂದು ರಾತ್ರಿ, ಒಂದು ಸಹಿ

1924ರ ಜನವರಿ 12ರ ರಾತ್ರಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಮಹಾತ್ಮ ಗಾಂಧಿಯವರಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ನಡೆಯಿತು, ನಡುವೆ ವಿದ್ಯುತ್ ಕೈಕೊಟ್ಟು ಕೊನೆಯ ಭಾಗವನ್ನು ಕಂದೀಲಿನ ಬೆಳಕಿನಲ್ಲಿ ಮುಗಿಸಬೇಕಾಯಿತು ಎಂಬುದು ಈ ಊರಿನಲ್ಲಿ ಬಹಳ ಮಂದಿಗೆ ಗೊತ್ತಿರುವ ಸಂಗತಿ. ಆ ಕೊಠಡಿಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಹೇಳುವವರೆಲ್ಲ ಕಂದೀಲಿನ ಬಗ್ಗೆಯೇ ಹೇಳುತ್ತಾರೆ, ಕೇಳುವವರ ಮನಸ್ಸಿನಲ್ಲೂ ಅದೇ ನಿಲ್ಲುತ್ತದೆ. ವಿಜಯಪುರ ಜಿಲ್ಲೆಯಿಂದ ಬಂದು, ಪುಣೆಯಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯ ನರ್ಸ್ ಆಗಿ ದುಡಿದು ನಿವೃತ್ತಳಾದ ನನಗೆ ಮಾತ್ರ ಆ ರಾತ್ರಿಯ ವಿವರಗಳಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಕಂದೀಲು ಬರುವ ಮುಂಚೆಯೇ, ರೋಗಿಯ ಹಾಸಿಗೆಯ ಪಕ್ಕದಲ್ಲಿ ಬರೆಯಲ್ಪಟ್ಟ ಒಂದು ಕಾಗದ. ವಸಾಹತು ಕಾಲದ ಒಂದು ನಗರದಲ್ಲಿ ಆಸ್ಪತ್ರೆ ಎಂದರೆ ಏನಾಗಿತ್ತು, ತುರ್ತು ಶಸ್ತ್ರಚಿಕಿತ್ಸೆಗೆ ಒಪ್ಪುವುದೆಂದರೆ ಏನಾಗಿತ್ತು ಎಂಬುದೆಲ್ಲ ಆ ಒಂದು ಕಾಗದದಲ್ಲಿದೆ ಎಂದು ನನ್ನ ನಂಬಿಕೆ.

ಗಾಂಧಿಯವರಿಗೆ 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ರಾಜದ್ರೋಹದ ಆರೋಪದ ಮೇಲೆ ಆರು ವರ್ಷಗಳ ಶಿಕ್ಷೆಯಾಗಿತ್ತು. ಅವರು ಪುಣೆಯ ಯರವಡಾ ಜೈಲಿನಲ್ಲಿದ್ದರು. 1924ರ ಜನವರಿಯಲ್ಲಿ ಜ್ವರ, ಹೊಟ್ಟೆನೋವು ಕಾಣಿಸಿಕೊಂಡು, ಜೈಲಿನ ಚಿಕಿತ್ಸೆಗೆ ಬಗ್ಗದೆ ಹೋದಾಗ ಸಸೂನ್ ಆಸ್ಪತ್ರೆಯ ಸರ್ಜನ್ ಕರ್ನಲ್ ಮ್ಯಾಡಕ್ ಅವರನ್ನು ಪರೀಕ್ಷಿಸಿ ಅದು ಅಪೆಂಡಿಸೈಟಿಸ್ ಎಂದು ನಿರ್ಧರಿಸಿದರು. ಕೈದಿಯನ್ನು ಜೈಲಿನಿಂದ ಆಸ್ಪತ್ರೆಗೆ ಸಾಗಿಸಲಾಯಿತು. ತಮಗೆ ಪರಿಚಯವಿದ್ದ ಮುಂಬಯಿಯ ವೈದ್ಯರಾದ ಡಾ. ದಲಾಲ್ ಮತ್ತು ಡಾ. ಜೀವರಾಜ್ ಮೆಹ್ತಾ ಅವರನ್ನು ಕರೆಸಬೇಕೆಂದು ಗಾಂಧಿ ಕೇಳಿಕೊಂಡರು. ಸರ್ಕಾರವೂ ಒಪ್ಪಿತು. ಆದರೆ ಅವರು ಬಂದು ಸೇರುವವರೆಗೆ ಕಾಯುವ ಸ್ಥಿತಿ ಇರಲಿಲ್ಲ.

ಏಕೆ ಇರಲಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂದು ಅಪೆಂಡಿಕ್ಸ್ ಎಂದರೆ ಯಾರೂ ಹೆದರುವುದಿಲ್ಲ. ಮೂರು ಸಣ್ಣ ರಂಧ್ರಗಳ ಮೂಲಕ ಅದನ್ನು ತೆಗೆದು ಎರಡು ಮೂರು ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ಆಗ ಹಾಗಿರಲಿಲ್ಲ. ಹೊಟ್ಟೆಯ ಬಲಭಾಗದ ಕೆಳಗೆ ಬರುವ ಈ ಮಾರಕ ನೋವಿನ ಮೂಲ ಅಪೆಂಡಿಕ್ಸ್ ಎಂಬ ಕಿರುಬೆರಳಿನಷ್ಟು ಅಂಗ ಎಂದು ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ಸ್ಪಷ್ಟವಾಗಿ ತೋರಿಸಿಕೊಟ್ಟದ್ದೇ 1886ರಲ್ಲಿ. ನೋವು ಯಾವ ಬಿಂದುವಿನಲ್ಲಿ ಹೆಚ್ಚು ಎಂದು ನ್ಯೂಯಾರ್ಕಿನ ಚಾರ್ಲ್ಸ್ ಮೆಕ್‌ಬರ್ನಿ ಗುರುತಿಸಿದ್ದು 1889ರಲ್ಲಿ. ಇಂದಿಗೂ ವೈದ್ಯರು ಬೆರಳಿಟ್ಟು ಒತ್ತಿ ನೋಡುವುದು ಅದೇ ಬಿಂದುವನ್ನು. 1902ರ ಜೂನಿನಲ್ಲಿ ಏಳನೆಯ ಎಡ್ವರ್ಡ್ ದೊರೆಗೆ ಇದೇ ಕಾಯಿಲೆ ಉಲ್ಬಣಿಸಿ, ಪಟ್ಟಾಭಿಷೇಕಕ್ಕೆ ಎರಡೇ ದಿನ ಇರುವಾಗ ಸಮಾರಂಭವನ್ನೇ ಮುಂದೂಡಿ, ಫ್ರೆಡರಿಕ್ ಟ್ರೀವ್ಸ್ ಅವರು ಕೀವು ತೆಗೆದು ದೊರೆಯನ್ನು ಉಳಿಸಿದ ಮೇಲೆ ಈ ಶಸ್ತ್ರಚಿಕಿತ್ಸೆಯ ಹೆಸರು ಜನರ ಕಿವಿಗೆ ಬಿತ್ತು. ಊದಿಕೊಂಡ ಅಪೆಂಡಿಕ್ಸ್ ಒಡೆದರೆ ಕರುಳಿನ ಮಲಿನವೆಲ್ಲ ಹೊಟ್ಟೆಯೊಳಗೆ ಹರಡುತ್ತದೆ. ಅದನ್ನು ತಡೆಯುವ ಔಷಧ 1924ರಲ್ಲಿ ಯಾರ ಬಳಿಯೂ ಇರಲಿಲ್ಲ. ಪೆನಿಸಿಲಿನ್ನಿನ ಗುಣವನ್ನು ಗುರುತಿಸಿದ್ದೇ 1928ರಲ್ಲಿ, ಅದು ರೋಗಿಗಳ ಕೈಸೇರಿದ್ದು 1940ರ ದಶಕದಲ್ಲಿ. ಆದ್ದರಿಂದ ಒಡೆಯುವ ಮುಂಚೆ ತೆಗೆಯುವುದೊಂದೇ ದಾರಿ. ಮುಂಬಯಿಯಿಂದ ಬರುವವರಿಗಾಗಿ ಬೆಳಗಿನವರೆಗೆ ಕಾಯುವುದೆಂದರೆ ರೋಗಿಯ ಜೀವವನ್ನೇ ಪಣಕ್ಕಿಟ್ಟಂತೆ.

ಇಲ್ಲಿಗೆ ಬಂತು ಆ ಕಾಗದದ ವಿಷಯ. ಶಸ್ತ್ರಚಿಕಿತ್ಸೆಗೆ ಮುನ್ನ ಗಾಂಧಿಯವರ ಇಬ್ಬರು ಪರಿಚಿತರನ್ನು ಆಸ್ಪತ್ರೆಗೆ ಕರೆಸಲಾಯಿತು. ಒಬ್ಬರು ಪುಣೆಯ ಡಾ. ಫಾಟಕ್, ಇನ್ನೊಬ್ಬರು ಭಾರತ ಸೇವಕ ಸಮಾಜದ ಅಧ್ಯಕ್ಷರಾಗಿದ್ದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು. ಶಾಸ್ತ್ರಿಗಳು ಗೋಖಲೆಯವರ ಶಿಷ್ಯರು, ಮಿತವಾದಿಗಳು, ಗಾಂಧಿಯವರ ಅಸಹಕಾರ ಚಳವಳಿಯನ್ನು ಬಹಿರಂಗವಾಗಿ ವಿರೋಧಿಸಿದವರು. ಆದರೂ ಆ ಹೊತ್ತಿನಲ್ಲಿ ಗಾಂಧಿಯವರಿಗೆ ಅವರ ಮೇಲೆ ಪೂರ್ಣ ವಿಶ್ವಾಸವಿತ್ತು. ಶಸ್ತ್ರಚಿಕಿತ್ಸೆಗೆ ತಮ್ಮ ಒಪ್ಪಿಗೆ ಇದೆ, ವೈದ್ಯರು ತಮ್ಮನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ ಎಂಬ ಅರ್ಥದ ಹೇಳಿಕೆಯನ್ನು ಶಾಸ್ತ್ರಿಗಳು ಬರೆದರು. ಗಾಂಧಿ ಅದನ್ನು ಕನ್ನಡಕ ಹಾಕಿಕೊಂಡು ಓದಿದರು, ಮೊಣಕಾಲುಗಳನ್ನು ಮೇಲೆತ್ತಿಕೊಂಡು, ಪೆನ್ಸಿಲಿನಿಂದ ಸಹಿ ಹಾಕಿದರು. ಜ್ವರದಿಂದ ಕೈ ಬಹಳ ನಡುಗುತ್ತಿತ್ತು. ತಮ್ಮ ಕೈ ಹೇಗೆ ನಡುಗುತ್ತಿದೆ ನೋಡಿ, ಇದನ್ನು ನೀವೇ ಸರಿಮಾಡಬೇಕು ಎಂದು ಅವರು ಮ್ಯಾಡಕ್ ಅವರಿಗೆ ಹೇಳಿದರೆ, ನಿಮ್ಮಲ್ಲಿ ಬೇಕಾದಷ್ಟು ಶಕ್ತಿ ತುಂಬಿಸುತ್ತೇವೆ ಎಂದು ಮ್ಯಾಡಕ್ ಉತ್ತರಿಸಿದರು. ಸಹಿಯ ಕೊನೆಯಲ್ಲಿ ಬರುವ ಇಂಗ್ಲಿಷಿನ 'ಐ' ಅಕ್ಷರದ ಮೇಲೆ ಚುಕ್ಕೆ ಬೀಳಲಿಲ್ಲ ಎಂಬುದನ್ನು ಕೂಡ ಶಾಸ್ತ್ರಿಗಳು ಗಮನಿಸಿ ದಾಖಲಿಸಿದ್ದಾರೆ.

ಆ ಬಿಟ್ಟುಹೋದ ಚುಕ್ಕೆ ನನಗೆ ಎಷ್ಟು ಪರಿಚಿತ ಎಂದರೆ, ಅದನ್ನು ಓದಿದಾಗ ಆ ಕೈಯನ್ನೇ ಕಂಡಂತಾಗುತ್ತದೆ. ಹೊಟ್ಟೆಯ ನೋವಿನಲ್ಲಿ ಮಲಗಿರುವವರು ಮೊಣಕಾಲು ಮಡಚಿಕೊಂಡೇ ಇರುತ್ತಾರೆ. ಕಾಲು ನೀಡಿದರೆ ಹೊಟ್ಟೆಯ ಸ್ನಾಯು ಬಿಗಿದು ನೋವು ಹೆಚ್ಚುತ್ತದೆ. ಆ ಮಡಚಿದ ಮೊಣಕಾಲಿನ ಮೇಲೆ ನಾವು ರಟ್ಟನ್ನು ಇಟ್ಟು, ಅದರ ಮೇಲೆ ಫಾರ್ಮ್ ಇಟ್ಟು, ಪೆನ್ನನ್ನು ಕೈಗೆ ಕೊಡುತ್ತೇವೆ. ಹೆಸರು ಪೂರ್ತಿ ಬರೆಯಲು ಬರುವವರೂ ಆಗ ಅರ್ಧ ಬರೆದು ಬಿಡುತ್ತಾರೆ. ಎಷ್ಟೋ ಜನ ಏನು ಬರೆದಿದೆ ಎಂದು ಕೇಳುವುದೇ ಇಲ್ಲ.

ಸರ್ಕಾರಕ್ಕೆ ಆ ಕಾಗದ ಏಕೆ ಬೇಕಾಗಿತ್ತು ಎಂಬುದು ಊಹಿಸಲು ಕಷ್ಟವಿಲ್ಲ. ಜೈಲಿನಲ್ಲಿಟ್ಟ ದೇಶನಾಯಕ ಬ್ರಿಟಿಷ್ ಸರ್ಜನ್ ಒಬ್ಬನ ಕತ್ತಿಯ ಕೆಳಗೆ ಸತ್ತರೆ, ಅದು ಕಾಯಿಲೆಯ ಸಾವು ಎಂದು ಈ ದೇಶದಲ್ಲಿ ನಂಬುವವರು ಯಾರಿದ್ದರು? ಆ ಅಪನಂಬಿಕೆ ಜನರ ಮೊಂಡುತನವಲ್ಲ. ಅದಕ್ಕೆ ಪುಣೆಯಲ್ಲೇ ಗಟ್ಟಿಯಾದ ಕಾರಣವಿತ್ತು, ಅದೂ 27 ವರ್ಷಗಳಷ್ಟು ಹಿಂದಿನದು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗನ್ನು ಗೋವಾ ಮೂಲದ ವೈದ್ಯ ಡಾ. ಅಕಾಸಿಯೊ ವಿಯೆಗಸ್ ಗುರುತಿಸಿದರು. ಮರುತಿಂಗಳೇ ಗಿರಣಿ ಕಾರ್ಮಿಕರ ಗುಂಪೊಂದು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ದಾಳಿ ಮಾಡಿತು. ಒಳಗೆ ಹೋದವರು ಹೊರಗೆ ಬರುವುದಿಲ್ಲ ಎಂಬ ಭಯ ಊರೆಲ್ಲ ಹಬ್ಬಿತ್ತು. 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಪುಣೆಯಲ್ಲಿ ಡಬ್ಲ್ಯು. ಸಿ. ರ‍್ಯಾಂಡ್ ಎಂಬ ಬ್ರಿಟಿಷ್ ಅಧಿಕಾರಿಯ ನೇತೃತ್ವದ ಪ್ಲೇಗ್ ಸಮಿತಿ ಗೋರಾ ಸೈನಿಕರನ್ನು ಮನೆಮನೆಗೆ ನುಗ್ಗಿಸಿತು. ದೇವರ ಕೋಣೆ, ಅಡುಗೆಮನೆ, ಹೆಂಗಸರು ಮಲಗುವ ಜಾಗ ಯಾವುದನ್ನೂ ಬಿಡದೆ ಶೋಧಿಸಿ, ಕಾಯಿಲೆಯವರನ್ನು ಆಸ್ಪತ್ರೆಗೆ, ಅವರ ಮನೆಯವರನ್ನು ಪ್ರತ್ಯೇಕ ಶಿಬಿರಗಳಿಗೆ ಸಾಗಿಸಿದರು. ಜೂನ್ 22ರ ರಾತ್ರಿ ಗಣೇಶಖಿಂಡ್ ರಸ್ತೆಯಲ್ಲಿ ಚಾಪೇಕರ್ ಸಹೋದರರು ರ‍್ಯಾಂಡ್ ಮೇಲೆ ಗುಂಡು ಹಾರಿಸಿದ್ದು, ಲೋಕಮಾನ್ಯ ತಿಲಕರಿಗೆ ಶಿಕ್ಷೆಯಾದದ್ದು ಎಲ್ಲರಿಗೂ ಗೊತ್ತು. ರೋಗ ಹರಡದಂತೆ ತಡೆಯಬೇಕೆಂಬ ಉದ್ದೇಶ ತಪ್ಪಲ್ಲ. ಆದರೆ ರೋಗಿಯ ಒಪ್ಪಿಗೆ ಎಂಬ ಮಾತೇ ಇಲ್ಲದೆ, ಬಂದೂಕಿನ ಕಾವಲಿನಲ್ಲಿ ನಡೆದ ಚಿಕಿತ್ಸೆಯನ್ನು ಚಿಕಿತ್ಸೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ಹಿರಿಯರ ನೆನಪಿನಲ್ಲಿಯೂ ಪ್ಲೇಗು ಎಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕೂತದ್ದು, ದವಾಖಾನೆಯವರು ಬಂದರೆ ಕಾಯಿಲೆಯವರನ್ನು ಬಚ್ಚಿಟ್ಟದ್ದು. ವಿಜಯಪುರ, ಬೆಳಗಾವಿ, ಧಾರವಾಡ, ಕಾರವಾರಗಳೆಲ್ಲ ಆಗ ಇದೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು, ಕಾಯ್ದೆ ಅಲ್ಲಿಗೂ ಇದೇ ಆಗಿತ್ತು.

ಅದೇ ವರ್ಷ, ಅದೇ ಪುಣೆಯಲ್ಲಿ, ಇದಕ್ಕೆ ತದ್ವಿರುದ್ಧವಾದ ಆರೈಕೆಯೂ ನಡೆಯಿತು. ಸಾವಿತ್ರಿಬಾಯಿ ಫುಲೆಯವರು ತಮ್ಮ ದತ್ತುಪುತ್ರ, ವೈದ್ಯ ಯಶವಂತರ ಜೊತೆಗೂಡಿ ಊರ ಹೊರಗೆ ಪ್ಲೇಗ್ ರೋಗಿಗಳಿಗಾಗಿ ಚಿಕಿತ್ಸಾ ಕೇಂದ್ರವನ್ನು ನಡೆಸಿದರು. ಅಸ್ಪೃಶ್ಯರೆಂದು ಯಾರೂ ಮುಟ್ಟದ ಮನೆಯ ಮಗುವೊಂದನ್ನು ತಾವೇ ಹೊತ್ತು ತಂದರು. ಆ ಸೇವೆಯಲ್ಲೇ ಸೋಂಕು ತಗಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ಎರಡೂ ಕಡೆ ಇದ್ದದ್ದು ಅದೇ ಪ್ಲೇಗು, ಔಷಧ ಎರಡೂ ಕಡೆ ಇರಲಿಲ್ಲ.

ಸಸೂನ್ ಆಸ್ಪತ್ರೆಯ ಹುಟ್ಟಿನಲ್ಲೂ ಈ ಕಾಲದ ಗುಣದೋಷಗಳೆಲ್ಲ ಬೆರೆತಿವೆ. ಬಾಗ್ದಾದಿನಿಂದ ಓಡಿಬಂದು 1832ರ ಸುಮಾರಿಗೆ ಮುಂಬಯಿಯಲ್ಲಿ ನೆಲೆಸಿದ ಯಹೂದಿ ವ್ಯಾಪಾರಿ ಡೇವಿಡ್ ಸಸೂನ್ ಹತ್ತಿ ಮತ್ತು ಅಫೀಮಿನ ವ್ಯಾಪಾರದಲ್ಲಿ ಗಳಿಸಿದ ಹಣದಲ್ಲಿ ದೊಡ್ಡ ಭಾಗವನ್ನು ದಾನಗಳಿಗೆ ಇಟ್ಟರು. ಅವರ ದಾನದಿಂದ 1867ರಲ್ಲಿ ಈ ಆಸ್ಪತ್ರೆ ತೆರೆಯಿತು. ಅದನ್ನು ನೋಡಲು ಅವರು ಬದುಕಿರಲಿಲ್ಲ. 1864ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಕ್ಯಾಂಪ್ ಎಂಬ ಪ್ರದೇಶದಲ್ಲಿ ಪುಣೆಯವರು ಲಾಲ್ ದೇವಳ ಎಂದು ಕರೆಯುವ ಕೆಂಪು ಗೋಪುರದ ಯಹೂದಿ ಪ್ರಾರ್ಥನಾಮಂದಿರದ ಪಕ್ಕದಲ್ಲಿ ಅವರ ಸಮಾಧಿ ಇದೆ. ಮುಂಬಯಿಯ ಜೆ. ಜೆ. ಆಸ್ಪತ್ರೆಯ ಕಥೆಯೂ ಇದೇ ಬಗೆಯದು: ಚೀನಾ ವ್ಯಾಪಾರದಲ್ಲಿ ಶ್ರೀಮಂತರಾದ ಪಾರಸಿ ಜಮ್‌ಶೆಟ್‌ಜಿ ಜೀಜೀಭಾಯಿ ಅವರ ದಾನ, 1845ರಲ್ಲಿ ಗ್ರಾಂಟ್ ಮೆಡಿಕಲ್ ಕಾಲೇಜಿನ ಜೊತೆಗೆ ಆಸ್ಪತ್ರೆಯ ಆರಂಭ. ಕಟ್ಟಡಕ್ಕೆ ಇಲ್ಲಿಯವರ ಹಣ, ಆಡಳಿತಕ್ಕೆ ಇಂಡಿಯನ್ ಮೆಡಿಕಲ್ ಸರ್ವಿಸಿನ ಬ್ರಿಟಿಷ್ ಅಧಿಕಾರಿ. ಆಸ್ಪತ್ರೆಯ ಸರ್ಜನ್‌ಗೆ ಕರ್ನಲ್, ಮೇಜರ್ ಎಂಬ ಸೇನಾ ಪದವಿಗಳು ಇದ್ದದ್ದು ಆ ಸರ್ವಿಸ್ ಮೂಲತಃ ಸೇನೆಗೆ ಸೇರಿದ್ದರಿಂದ. 1855ರಿಂದ ಅದರ ಪರೀಕ್ಷೆ ಭಾರತೀಯರಿಗೂ ತೆರೆದಿತ್ತು ಎಂಬುದು ನಿಜ, ಆದರೆ ಪರೀಕ್ಷೆ ನಡೆಯುತ್ತಿದ್ದದ್ದು ಲಂಡನ್ನಿನಲ್ಲಿ. ಕೆಳಗಿನ ಹುದ್ದೆಗಳಲ್ಲಿ ದುಡಿದವರು, ರಾತ್ರಿ ವಾರ್ಡಿನಲ್ಲಿ ಎಚ್ಚರವಿದ್ದವರು, ಗಾಯ ತೊಳೆದವರು, ಮಲಮೂತ್ರ ತೆಗೆದವರು ಹೆಚ್ಚಿನಂಶ ಇಲ್ಲಿಯ ಜನ. ಅವರ ಹೆಸರುಗಳು ಎಲ್ಲಿಯೂ ಕೆತ್ತಿಲ್ಲ.

ಈಗ ಆ ರಾತ್ರಿಯ ಕೊಠಡಿಗೆ ಬರುತ್ತೇನೆ. ಶಸ್ತ್ರಚಿಕಿತ್ಸೆ ಮಾಡಿದವರು ಕರ್ನಲ್ ಮ್ಯಾಡಕ್. ಕ್ಲೋರೋಫಾರ್ಮ್ ಕೊಟ್ಟವರು ಡಾ. ದಾತೆ ಎಂಬ ಇಲ್ಲಿಯ ವೈದ್ಯರು. ನರ್ಸುಗಳು ಮೂವರು. ಕೆಲಸ ನಡೆಯುತ್ತಿರುವಾಗಲೇ ಗುಡುಗು ಮಳೆ ಬಂದು ವಿದ್ಯುತ್ ನಿಂತಿತು. ಒಬ್ಬ ನರ್ಸ್ ಬ್ಯಾಟರಿ ಹಿಡಿದು ನಿಂತರು. ಸ್ವಲ್ಪ ಹೊತ್ತಿಗೆ ಅದೂ ಆರಿತು. ಕೊನೆಗೆ ಕಂದೀಲು ತಂದರು.

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಬೆಳಕು ಹಿಡಿಯುವುದು ಸುಲಭದ ಕೆಲಸ ಎಂದು ಅನೇಕರು ತಿಳಿದಿರಬಹುದು. ಬಲ ಕಿಬ್ಬೊಟ್ಟೆಯ ಗಾಯದ ಬಾಯಿ ಆಗ ಮೂರು ನಾಲ್ಕು ಅಂಗುಲದಷ್ಟಿರುತ್ತಿತ್ತು. ಅದರೊಳಗೆ ಚರ್ಮ, ಕೊಬ್ಬು, ಮೂರು ಪದರದ ಸ್ನಾಯು, ಅದರ ಕೆಳಗೆ ತೆಳ್ಳನೆಯ ಪೊರೆ, ಆಮೇಲೆ ಜಾರುವ ಕರುಳು. ಅಪೆಂಡಿಕ್ಸ್ ಎಲ್ಲರಲ್ಲೂ ಒಂದೇ ಕಡೆ ಇರುವುದಿಲ್ಲ. ಕೆಲವರಲ್ಲಿ ಕರುಳಿನ ಹಿಂದೆ ಅಡಗಿರುತ್ತದೆ. ಸರ್ಜನ್ ಬಗ್ಗಿ ನೋಡಿದಾಗ ಅವರ ತಲೆಯ ನೆರಳೇ ಗಾಯದ ಮೇಲೆ ಬೀಳುತ್ತದೆ, ಆದ್ದರಿಂದ ಬೆಳಕು ಹಿಡಿದವರು ಅವರ ಹೆಗಲ ಮೇಲಿನಿಂದ, ಓರೆಯಾಗಿ, ತಮ್ಮ ಕೈ ಸೋತರೂ ಅಲುಗದಂತೆ ಹಿಡಿಯಬೇಕು, ತಲೆ ಆಚೆ ಸರಿದಂತೆಲ್ಲ ತಾವೂ ಸರಿಯಬೇಕು, ಆದರೆ ಬಟ್ಟೆಗಳ ಶುದ್ಧಿಗೆ ಭಂಗ ಬರುವಷ್ಟು ಹತ್ತಿರ ಹೋಗಕೂಡದು. ಕಂದೀಲಿನ ಬೆಳಕು ಹಳದಿ. ಹಳದಿ ಬೆಳಕಿನಲ್ಲಿ ರಕ್ತದ ಬಣ್ಣವೂ ಊದಿದ ಅಂಗದ ಬಣ್ಣವೂ ಬೇರೆಯಾಗಿ ಕಾಣುವುದು ಕಷ್ಟ, ಆಗ ಬೆರಳೇ ಕಣ್ಣಿನ ಕೆಲಸ ಮಾಡಬೇಕು. ನನ್ನ ಡ್ಯೂಟಿಯ ವರ್ಷಗಳಲ್ಲೂ ಕರೆಂಟ್ ಹೋಗಿ ಜನರೇಟರ್ ಶುರುವಾಗುವವರೆಗಿನ ಕ್ಷಣಗಳನ್ನು ಕಂಡಿದ್ದೇನೆ. ಆಗ ಯಾರೂ ಕೈ ಅಲುಗಿಸುವುದಿಲ್ಲ, ಹಿಡಿದ ಉಪಕರಣ ಹಿಡಿದಲ್ಲೇ ಇರುತ್ತದೆ, ಮಾನಿಟರಿನ ಸದ್ದು ಮಾತ್ರ ಕೇಳುತ್ತಿರುತ್ತದೆ. 1924ರಲ್ಲಿ ಆ ಸದ್ದೂ ಇರಲಿಲ್ಲ. ಕತ್ತಲೆಯಲ್ಲಿ ರೋಗಿ ಉಸಿರಾಡುತ್ತಿದ್ದಾರೆಯೇ ಎಂದು ತಿಳಿಯಲು ಅರಿವಳಿಕೆಯ ವೈದ್ಯರಿಗೆ ಇದ್ದದ್ದು ತಮ್ಮ ಕಿವಿ ಮತ್ತು ನಾಡಿಯ ಮೇಲಿಟ್ಟ ಬೆರಳು.

ಈ ಸಂಗತಿಯನ್ನು ಹೇಳುವವರಲ್ಲಿ ಯಾರೂ ಕ್ಲೋರೋಫಾರ್ಮಿನ ಬಗ್ಗೆ ಮಾತಾಡುವುದನ್ನು ನಾನು ಕೇಳಿಲ್ಲ, ಆದ್ದರಿಂದ ಅದನ್ನು ಸ್ವಲ್ಪ ವಿಸ್ತರಿಸುತ್ತೇನೆ. ಆಗ ಅರಿವಳಿಕೆಗೆ ಮುಖ್ಯವಾಗಿ ಇದ್ದದ್ದು ಎರಡು, ಈಥರ್ ಮತ್ತು ಕ್ಲೋರೋಫಾರ್ಮ್. ಈಥರ್ ಬೆಂಕಿಗೆ ಥಟ್ಟನೆ ಹೊತ್ತಿಕೊಳ್ಳುತ್ತದೆ. ಮುಖದ ಮೇಲೆ ಈಥರಿನ ಆವಿ ಇರುವಾಗ ತೆರೆದ ಜ್ವಾಲೆಯನ್ನು ಹತ್ತಿರ ತಂದರೆ ಅನಾಹುತ. ಕ್ಲೋರೋಫಾರ್ಮಿಗೆ ಬೆಂಕಿ ಹತ್ತುವುದಿಲ್ಲ, ಕಂದೀಲು ತರುವುದಕ್ಕೆ ಅದರಿಂದಲೇ ಸಾಧ್ಯವಾಯಿತು. ಹಾಗೆಂದು ಅದು ಪೂರ್ತಿ ಸುರಕ್ಷಿತವೂ ಅಲ್ಲ: ಜ್ವಾಲೆಯ ಬಳಿ ಕ್ಲೋರೋಫಾರ್ಮಿನ ಆವಿ ಒಡೆದು ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಗಾಳಿಯಾಡದ ಕೊಠಡಿಗಳಲ್ಲಿ ದೀಪದ ಬೆಳಕಿನಲ್ಲಿ ಕೆಲಸ ಮಾಡಿದ ವೈದ್ಯರೂ ನರ್ಸುಗಳೂ ಕೆಮ್ಮಿ ಕಣ್ಣೀರಿಟ್ಟ ದಾಖಲೆಗಳಿವೆ. ಇದಕ್ಕಿಂತ ದೊಡ್ಡ ಅಪಾಯ ಹೃದಯದ್ದು. ತಂತಿಯ ಚೌಕಟ್ಟಿಗೆ ಬಟ್ಟೆ ಸುತ್ತಿದ ಮುಖವಾಡದ ಮೇಲೆ ಹನಿಹನಿಯಾಗಿ ಹಾಕುವಾಗ ಹನಿ ಹೆಚ್ಚಾದರೆ ಹೃದಯ ಇದ್ದಕ್ಕಿದ್ದಂತೆ ನಿಂತುಬಿಡಬಹುದು. ನಮ್ಮ ಕಲಬುರಗಿ, ರಾಯಚೂರು, ಬೀದರಗಳನ್ನು ಆಳುತ್ತಿದ್ದ ನಿಜಾಮರ ಹಣದಲ್ಲಿ 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಬ್ರಿಟಿಷ್ ಸರ್ಜನ್ ಎಡ್ವರ್ಡ್ ಲಾರಿ ನಡೆಸಿದ ಕ್ಲೋರೋಫಾರ್ಮ್ ಆಯೋಗಗಳು ಉಸಿರನ್ನು ನೋಡಿಕೊಂಡರೆ ಸಾಕು, ಹೃದಯಕ್ಕೆ ಭಯವಿಲ್ಲ ಎಂದು ತೀರ್ಮಾನಿಸಿದವು. 1911ರಲ್ಲಿ ಗುಡ್‌ಮನ್ ಲೆವಿ ಎಂಬ ವೈದ್ಯರು ಅದು ತಪ್ಪೆಂದು ತೋರಿಸಿದರು. ಅಂದರೆ ಅಂದು ದಾತೆಯವರು ಜ್ವರದಿಂದ ಬಳಲಿದ, 54 ವರ್ಷದ, ಮೈಯಲ್ಲಿ ಮಾಂಸವೇ ಇಲ್ಲದ ರೋಗಿಗೆ, ಕತ್ತಲೆಯಲ್ಲಿ, ಹನಿಯ ಲೆಕ್ಕವನ್ನು ಕೈಯಂದಾಜಿನ ಮೇಲೆ ಇಟ್ಟುಕೊಂಡು ಕೊಡಬೇಕಾಯಿತು. ಸರ್ಜನ್ನಿನ ಹೆಸರು ಎಲ್ಲರಿಗೂ ಗೊತ್ತು. ದಾತೆಯವರ ಹೆಸರೂ ಅಷ್ಟೇ ಗೊತ್ತಿರಬೇಕು ಎಂದು ನನ್ನ ಖಚಿತ ಅಭಿಪ್ರಾಯ.

ಇದೇ ಗಾಂಧಿ 1909ರಲ್ಲಿ ಬರೆದ 'ಹಿಂದ್ ಸ್ವರಾಜ್'ನಲ್ಲಿ ವೈದ್ಯರನ್ನೂ ಆಸ್ಪತ್ರೆಗಳನ್ನೂ ಕಟುವಾಗಿ ಖಂಡಿಸಿದ್ದರು. ಆ ಮಾತುಗಳನ್ನು ಹಿಡಿದು ಅವರ ಒಪ್ಪಿಗೆಯನ್ನು ಹಂಗಿಸಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೆ ಅದು ಹಂಗಿಸುವ ವಿಷಯವಾಗಿ ಎಂದೂ ಕಂಡಿಲ್ಲ. ಅವರು ಮ್ಯಾಡಕ್ ಅವರ ಕೌಶಲವನ್ನೂ ದಾದಿಯರ ಆರೈಕೆಯನ್ನೂ ಮನಸಾರೆ ಹೊಗಳಿದರು, ಹಾಗೆಯೇ ಸರ್ಕಾರದೊಂದಿಗಿನ ತಮ್ಮ ಜಗಳ ಮುಂದುವರಿಯುತ್ತದೆ ಎಂಬುದನ್ನೂ ಶಾಸ್ತ್ರಿಗಳ ಮುಂದೆ ಸ್ಪಷ್ಟಪಡಿಸಿದರು. ರೋಗಿ ವೈದ್ಯನನ್ನು ನಂಬಬಹುದು, ವೈದ್ಯ ಸೇವೆ ಸಲ್ಲಿಸುವ ಸರ್ಕಾರವನ್ನು ನಂಬದೆಯೂ ಇರಬಹುದು. 1897ರಲ್ಲಿ ಪುಣೆಯ ಜನಕ್ಕೆ ಈ ಎರಡನ್ನು ಬೇರೆಯಾಗಿಸಿ ನೋಡುವ ಅವಕಾಶವನ್ನೇ ಆಡಳಿತ ಕೊಡಲಿಲ್ಲ. 1924ರಲ್ಲಿ ಒಬ್ಬ ಕೈದಿಗೆ ಆ ಅವಕಾಶ ಸಿಕ್ಕಿತು, ಆ ಕೈದಿ ಗಾಂಧಿಯಾಗಿದ್ದರಿಂದ. ಅದೇ ಯರವಡಾದಲ್ಲಿ ಅದೇ ವಾರ ಅದೇ ನೋವು ಬಂದ ಹೆಸರಿಲ್ಲದ ಕೈದಿಯ ಹಾಸಿಗೆಯ ಪಕ್ಕಕ್ಕೆ ಇಬ್ಬರು ಸ್ನೇಹಿತರನ್ನು ಯಾರೂ ಕರೆಸುತ್ತಿರಲಿಲ್ಲ.

ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು, ಆದರೆ ಗಾಯದ ಬಳಿ ಕೀವು ತುಂಬಿ ಚೇತರಿಕೆ ತಡವಾಯಿತು. ಇದು ಆ ಕಾಲದಲ್ಲಿ ಅಪರೂಪವಲ್ಲ. ಕೀವು ಹರಿಯಲು ದಾರಿ ಮಾಡಿ, ದಿನವೂ ಡ್ರೆಸ್ಸಿಂಗ್ ಬದಲಿಸಿ, ಒಳಗಿನಿಂದ ಹೊರಕ್ಕೆ ಮಾಂಸ ಬೆಳೆದು ಬರುವವರೆಗೆ ಕಾಯುವುದೇ ಚಿಕಿತ್ಸೆ. ಅದು ಪೂರ್ತಿಯಾಗಿ ನರ್ಸುಗಳ ಕೆಲಸ. ಫೆಬ್ರುವರಿ 5ರಂದು ಸರ್ಕಾರ ಅವರನ್ನು ಷರತ್ತಿಲ್ಲದೆ ಬಿಡುಗಡೆ ಮಾಡಿತು. ಕೈದಿಗೆ ಕಾಯಿಲೆ ಬಂದದ್ದು ಬಿಡುಗಡೆಗೆ ಕಾರಣವಾಗಬಾರದು ಎಂದು ಅವರು ಬೇಸರವನ್ನೇ ವ್ಯಕ್ತಪಡಿಸಿದರು. ಮಾರ್ಚಿನಲ್ಲಿ ಸಸೂನ್ ಬಿಟ್ಟು ವಿಶ್ರಾಂತಿಗಾಗಿ ಮುಂಬಯಿಯ ಜುಹೂ ಕಡಲತೀರಕ್ಕೆ ಹೋದರು. ಆ ವರ್ಷದ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಅವರು ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ ಅದು.

ಬೆಳಗಾವಿಗೆ ಬಂದ ಗಾಂಧಿಯನ್ನು ನೋಡಲು ಗಾಡಿ ಕಟ್ಟಿಕೊಂಡು ಹೋದ ನಮ್ಮ ಕಡೆಯ ರೈತನಿಗೆ ಅದೇ ಹೊಟ್ಟೆನೋವು ಬಂದಿದ್ದರೆ ಏನಾಗುತ್ತಿತ್ತು? ತಾಲೂಕಿನ ದವಾಖಾನೆಗಳಲ್ಲಿ ಹೊಟ್ಟೆ ಕೊಯ್ಯುವ ವ್ಯವಸ್ಥೆ ಇರುತ್ತಿರಲಿಲ್ಲ. ಮೊದಲ ದಿನ ಹಿಂಗು, ಓಂಕಾಳು, ಬಿಸಿ ಇಟ್ಟಿಗೆಯ ಶಾಖ. ಎರಡನೆಯ ದಿನ ಯಾರಾದರೂ ತಿಳಿದವರು, ಮಿರಜಿಗೆ ಒಯ್ಯಿರಿ, ಅನ್ನುತ್ತಿದ್ದರು. ಮಿರಜಿನಲ್ಲಿ ವಿಲಿಯಂ ವಾನ್‌ಲೆಸ್ ಎಂಬ ಕೆನಡಾ ಮೂಲದ ಮಿಷನರಿ ಸರ್ಜನ್ 1894ರಲ್ಲಿ ಆಸ್ಪತ್ರೆ ತೆರೆದಿದ್ದರು, ಅದರ ಹೆಸರು ಕೃಷ್ಣೆಯ ಎರಡೂ ದಂಡೆಗಳಲ್ಲಿ ಹರಡಿತ್ತು. ಬೆಳಗಾವಿಯಿಂದ ಪುಣೆಗೆ ಹೋಗುವ ರೈಲು ಮಿರಜಿನ ಮೇಲೆಯೇ ಹೋಗುತ್ತಿದ್ದದ್ದರಿಂದ ರೈಲಿನ ಹತ್ತಿರ ಇದ್ದವರಿಗೆ ಅದು ದಕ್ಕುತ್ತಿತ್ತು. ಎತ್ತಿನ ಗಾಡಿಯಲ್ಲಿ ಸ್ಟೇಷನ್ ಮುಟ್ಟಬೇಕಾದವರಿಗೆ ದಾರಿಯಲ್ಲೇ ಅಪೆಂಡಿಕ್ಸ್ ಒಡೆಯುತ್ತಿತ್ತು. ನೋವು ಥಟ್ಟನೆ ಕಡಿಮೆಯಾಗಿ, ಗುಣವಾಯಿತೆಂದು ಮನೆಯವರು ಗಾಡಿ ತಿರುಗಿಸಿ, ಮರುದಿನ ಹೊಟ್ಟೆ ಕಲ್ಲಾಗಿ ಸತ್ತವರ ವಿಷಯ ನಮ್ಮೂರಿನ ಹಳಬರ ಬಾಯಲ್ಲಿ ಕೇಳಿದ್ದೇನೆ. ಒಡೆದ ಕೂಡಲೇ ನೋವು ಇಳಿಯುವುದು ಈ ಕಾಯಿಲೆಯ ಅತ್ಯಂತ ಕ್ರೂರವಾದ ಲಕ್ಷಣ. ಇದನ್ನು ಓದುವವರು ಯಾರಾದರೂ ಇದ್ದರೆ ಇಂದಿಗೂ ನೆನಪಿಡಬೇಕಾದ ಮಾತು: ಬಲಗಡೆಯ ಕೆಳಹೊಟ್ಟೆಯ ನೋವು ಔಷಧವಿಲ್ಲದೆ ಇದ್ದಕ್ಕಿದ್ದಂತೆ ನಿಂತರೆ ಆಸ್ಪತ್ರೆಗೆ ಇನ್ನೂ ಬೇಗ ಹೋಗಬೇಕು.

ಪುಣೆಯ ದೊಡ್ಡ ಆಸ್ಪತ್ರೆಗಳಿಗೆ ಈಗಲೂ ವಿಜಯಪುರ, ಕಲಬುರಗಿ, ಯಾದಗಿರಿಯ ಕಡೆಯ ಜನ ಬರುತ್ತಲೇ ಇದ್ದಾರೆ. ಕಟ್ಟಡದ ಕೆಲಸಕ್ಕೆ ಬಂದವರು, ಕಬ್ಬು ಕಡಿಯಲು ಬಂದವರು, ಊರಿನಿಂದ ನೇರವಾಗಿ ಕಾಯಿಲೆಗೆಂದೇ ಬಂದವರು. ಒಪ್ಪಿಗೆ ಪತ್ರ ಸಾಮಾನ್ಯವಾಗಿ ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರುತ್ತದೆ. ನಾನು ಡ್ಯೂಟಿಯಲ್ಲಿದ್ದಾಗ ಒಬ್ಬ ಹಿರಿಯರ ಸೊಸೆಗೆ ತುರ್ತು ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಮಗ ಇನ್ನೂ ದಾರಿಯಲ್ಲಿದ್ದ. ಅವರ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಆಗಿತ್ತು. ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ಅವರು ಕೈ ಹಿಂದಕ್ಕೆ ಎಳೆದುಕೊಂಡು, "ಅವ್ವಾ, ನೀ ನಮ್ಮ ಕಡೀಕ್ಯಾ? ಇದರಾಗ ಏನ್ ಬರದಾರ ಓದಿ ಹೇಳವ್ವಾ. ನಾ ಹೆಬ್ಬೆಟ್ಟ ಒತ್ತಿದ್ರ ಈಕಿ ಜೀವಕ್ಕ ನಾನ ಜವಾಬ್ದಾರ ಆಗ್ತೀನೇನು?" ಎಂದು ಕೇಳಿದರು. ನಾನು ಓದಿ ಹೇಳಿದೆ. ಅವರು ಸೊಸೆಯ ಹತ್ತಿರ ಹೋಗಿ, "ತಂಗೀ, ಹಿಂಗಂತಾರ, ಮಾಡ್ಸೂಣೇನು?" ಎಂದು ಅವಳನ್ನೇ ಕೇಳಿ, ಅವಳು ಹೂಂ ಎಂದ ಮೇಲೆ, ಅವಳ ಕೈಯಿಂದಲೇ ಸಹಿ ಹಾಕಿಸಿದರು. ಒಳಗೆ ಸರ್ಜನ್ ಅವಸರ ಪಡುತ್ತಿದ್ದರು. ಆದರೂ ಆ ಕೆಲವು ನಿಮಿಷಗಳು ವ್ಯರ್ಥವಾದವೆಂದು ನನಗೆ ಅನ್ನಿಸಲಿಲ್ಲ. ಕಾನೂನಿನಂತೆಯೂ ಪ್ರಜ್ಞೆಯಲ್ಲಿರುವ ವಯಸ್ಕ ರೋಗಿಯ ಒಪ್ಪಿಗೆಯೇ ಒಪ್ಪಿಗೆ. ಅದನ್ನು ಆ ಹಿರಿಯರು ಯಾರ ಪಾಠವೂ ಇಲ್ಲದೆ ತಿಳಿದಿದ್ದರು.

ಪುಣೆಯಲ್ಲಿ ಕನ್ನಡಿಗರ ಸಂಘಗಳಿಗೆ ಕೊರತೆಯಿಲ್ಲ. ರಾಜ್ಯೋತ್ಸವ, ನಾಟಕ, ಹಬ್ಬಗಳ ಜೊತೆಗೆ, ಆಸ್ಪತ್ರೆಯ ಆಡಳಿತದ ಅನುಮತಿ ಪಡೆದು ತುರ್ತು ವಿಭಾಗದಲ್ಲಿ ಕನ್ನಡ ಬಲ್ಲ ಒಬ್ಬ ಸ್ವಯಂಸೇವಕರನ್ನು ಇರಿಸುವ ವ್ಯವಸ್ಥೆ ಮಾಡಿದರೆ ಅದಕ್ಕಿಂತ ದೊಡ್ಡ ಕನ್ನಡದ ಕೆಲಸ ನನಗೆ ತೋಚುವುದಿಲ್ಲ. ವೈದ್ಯಕೀಯ ಜ್ಞಾನ ಬೇಕಿಲ್ಲ, ವೈದ್ಯರು ಹೇಳಿದ್ದನ್ನು ಬಿಡದೆ, ಸೇರಿಸದೆ ಹೇಳುವ ಶಿಸ್ತು ಬೇಕು. ಯಾವ ಅಂಗಕ್ಕೆ ಏನು ಆಗಿದೆ, ಈಗಲೇ ಏಕೆ ಮಾಡಬೇಕು, ಮಾಡದಿದ್ದರೆ ಏನಾಗಬಹುದು, ಅರಿವಳಿಕೆ ಪೂರ್ತಿಯೋ ಸೊಂಟದ ಕೆಳಗೆ ಮಾತ್ರವೋ, ರಕ್ತ ಬೇಕಾಗುತ್ತದೆಯೇ, ಅಪಾಯ ಯಾವುದು, ಮಾಡುವ ವೈದ್ಯರು ಯಾರು ಎಂಬುದನ್ನು ರೋಗಿಯ ಮುಖ ನೋಡಿಕೊಂಡು ಹೇಳಬೇಕು. ಸಂಬಂಧಿಕರ ಗುಂಪಿಗೆ ಹೇಳಿ ಕೈ ತೊಳೆದುಕೊಳ್ಳಬಾರದು. ಹೇಳಿ ಮುಗಿದ ಮೇಲೆ, ತಿಳೀತೇನು ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದರ ಬದಲು, ಈಗ ನಿಮಗ ಏನ್ ಮಾಡ್ತಾರ, ನೀವ ಹೇಳ್ರಿ ನೋಡೂಣು, ಎಂದು ಅವರ ಬಾಯಿಂದಲೇ ಹೇಳಿಸಬೇಕು, ಪೆನ್ನನ್ನು ಆಮೇಲೆ ಕೈಗೆ ಕೊಡಬೇಕು.